ಕ್ವಾರ್ಟರ್‌ಬ್ಯಾಕ್ ಪದೇ ಪದೇ ನೆಲಕ್ಕೆ ಬೀಳುತ್ತಿದ್ದರೆ: ಆಫೆನ್ಸಿವ್ ಲೈನಿನ ದೋಷ ಹುಡುಕುವ ಕ್ರಮ

ಅಮೆರಿಕನ್ ಫುಟ್‌ಬಾಲ್‌ನ ದೊಡ್ಡ ಲೀಗ್ ಎನ್‌ಎಫ್‌ಎಲ್‌ನ 2024ರ ಋತುವಿನಲ್ಲಿ ಚಿಕಾಗೊ ಬೇರ್ಸ್ ತಂಡದ ಹೊಸ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ಆಟ ನಡೆಸುವವನು) ಕೇಲೆಬ್ ವಿಲಿಯಮ್ಸ್ 17 ಪಂದ್ಯಗಳಲ್ಲಿ 68 ಸಲ ಸ್ಯಾಕ್ ಆದ, ಅಂದರೆ ಚೆಂಡು ಎಸೆಯುವ ಮೊದಲೇ ಎದುರಾಳಿಗಳು ಅವನನ್ನು ಕೆಡವಿದರು. ನವೆಂಬರ್ 10ರಂದು ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ಎದುರು ಒಂದೇ ಪಂದ್ಯದಲ್ಲಿ 9 ಸಲ. ಒಂದು ಋತುವಿನಲ್ಲಿ ಇದಕ್ಕಿಂತ ಹೆಚ್ಚು ಸಲ ಬಿದ್ದವರು ಇಬ್ಬರೇ: 2002ರಲ್ಲಿ 76 ಸಲ ಬಿದ್ದ ಹ್ಯೂಸ್ಟನ್ ತಂಡದ ಡೇವಿಡ್ ಕಾರ್, 1986ರಲ್ಲಿ 72 ಸಲ ಬಿದ್ದ ಫಿಲಡೆಲ್ಫಿಯಾದ ರ‍್ಯಾಂಡಲ್ ಕನಿಂಗ್‌ಹ್ಯಾಮ್. ಇಂಥ ಲೆಕ್ಕ ಕಂಡಕೂಡಲೇ ಟಿವಿಯವರೂ ವಾಟ್ಸ್‌ಆ್ಯಪ್ ಗುಂಪಿನವರೂ ಒಂದೇ ತೀರ್ಪು ಕೊಟ್ಟು ಮುಗಿಸುತ್ತಾರೆ: ಲೈನ್ ಸರಿ ಇಲ್ಲ. ಇಷ್ಟು ಹೇಳಿದರೆ ರಿಪೇರಿ ಎಲ್ಲಿಂದ ಶುರು ಮಾಡಬೇಕೆಂದು ಯಾರಿಗೂ ತಿಳಿಯುವುದಿಲ್ಲ. ಸ್ಯಾಕ್ ಎಂಬುದು ಕೊನೆಗೆ ಕಣ್ಣಿಗೆ ಬೀಳುವ ಫಲಿತಾಂಶ. ಅದರ ಹಿಂದೆ ಏಳೆಂಟು ಬೇರೆ ಬೇರೆ ಕಾರಣಗಳಿರಬಹುದು, ಅವುಗಳಲ್ಲಿ ಅರ್ಧಕ್ಕೂ ಮುಂದಿನ ಐದು ದಢೂತಿ ಆಳುಗಳಿಗೂ ಸಂಬಂಧವೇ ಇರುವುದಿಲ್ಲ.

ಇಲ್ಲಿ ಹೇಳುತ್ತಿರುವುದು ಅಮೆರಿಕನ್ ಫುಟ್‌ಬಾಲ್ ವಿಷಯ. ಈಗಷ್ಟೇ ನೋಡಲು ಶುರು ಮಾಡಿದವರಿಗೆ ಎರಡು ಮಾತು. ಆಫೆನ್ಸಿವ್ ಲೈನ್ ಎಂದರೆ ಮಧ್ಯದಲ್ಲಿ ಚೆಂಡನ್ನು ಹಿಂದಕ್ಕೆ ಕೊಡುವ ಸೆಂಟರ್, ಅವನ ಎಡಬಲಕ್ಕೆ ಇಬ್ಬರು ಗಾರ್ಡ್‌ಗಳು, ಹೊರತುದಿಗಳಲ್ಲಿ ಇಬ್ಬರು ಟ್ಯಾಕಲ್‌ಗಳು. ಕ್ವಾರ್ಟರ್‌ಬ್ಯಾಕ್ ಚೆಂಡು ಎಸೆಯುವವರೆಗೆ ಎದುರಾಳಿಗಳನ್ನು ತಡೆದು ನಿಲ್ಲಿಸುವುದು, ಓಟದ ಆಟವಾದರೆ ದಾರಿ ಬಿಡಿಸಿ ಕೊಡುವುದು ಅವರ ಕೆಲಸ.

ಶುರು ಮಾಡುವ ಮೊದಲು

ಟಿವಿ ಪ್ರಸಾರವನ್ನು ನಂಬಿ ಕೂರಬೇಡಿ. ಟಿವಿ ಕ್ಯಾಮೆರಾ ಪಕ್ಕದಿಂದ ನೋಡುತ್ತದೆ, ಚೆಂಡಿನ ಹಿಂದೆ ಓಡುತ್ತದೆ. ಪಕ್ಕದಿಂದ ನೋಡಿದರೆ ಐದೂ ಜನ ಒಬ್ಬರ ಮೇಲೊಬ್ಬರು ಬಿದ್ದ ಗುಂಪಾಗಿ ಕಾಣುತ್ತಾರೆ. ಕೋಚ್‌ಗಳು ನೋಡುವ ‘ಆಲ್-22’ ವಿಡಿಯೊ ಬೇಕು. ಲೀಗಿನ ಸ್ಟ್ರೀಮಿಂಗ್ ಸೇವೆ ಎನ್‌ಎಫ್‌ಎಲ್ ಪ್ಲಸ್‌ನ ದುಬಾರಿ ಪ್ಯಾಕ್‌ನಲ್ಲಿ ಅಮೆರಿಕದಲ್ಲಿರುವವರಿಗೆ ಅದು ಸಿಗುತ್ತದೆ. ಅದರಲ್ಲಿ ಎಂಡ್ ಝೋನ್ ಕಡೆಯಿಂದ, ಅಂದರೆ ಲೈನಿನ ಬೆನ್ನ ಹಿಂದಿನಿಂದ ತೆಗೆದ ನೋಟವಿದೆ. ಯಾರ ಭುಜ ಯಾವ ಕಡೆಗೆ ತಿರುಗಿತು, ಯಾರ ಕಾಲು ನಿಂತುಹೋಯಿತು ಎಂಬುದು ಕಾಣುವುದು ಅಲ್ಲೇ. ಚೆಂಡನ್ನು ನೋಡದೆ ಐದು ಜನರನ್ನಷ್ಟೇ ನೋಡುವುದು ಮೊದಮೊದಲು ಬೇಸರದ ಕೆಲಸ. ಅಭ್ಯಾಸವಾದ ಮೇಲೆ ಬೇರೆ ರೀತಿ ನೋಡಲು ಮನಸ್ಸೇ ಬರುವುದಿಲ್ಲ.

ಪರೀಕ್ಷೆ 1: ಗಡಿಯಾರ

ಮೊಬೈಲಿನ ಸ್ಟಾಪ್‌ವಾಚ್ ಸಾಕು. ಸೆಂಟರ್‌ನ ಕೈಯಲ್ಲಿ ಚೆಂಡು ಅಲುಗಾಡಿದ ಕ್ಷಣಕ್ಕೆ ಒತ್ತಿ. ಎರಡು ಸಮಯ ಬರೆದುಕೊಳ್ಳಿ: ತಡೆಯುವವನನ್ನು ದಾಟಿ ಎದುರಾಳಿ ಮುನ್ನುಗ್ಗಿದ್ದು ಯಾವಾಗ, ಕ್ವಾರ್ಟರ್‌ಬ್ಯಾಕ್ ಏಟು ತಿಂದಿದ್ದು ಯಾವಾಗ. ಎಲ್ಲರೂ ಎರಡನೆಯದನ್ನೇ ನೋಡುತ್ತಾರೆ, ಬೇಕಾದದ್ದು ಮೊದಲನೆಯದು.

ಲೈನ್‌ಮನ್ ತನ್ನ ಕೆಲಸ ಮಾಡಿದನೋ ಇಲ್ಲವೋ ಎಂದು ಅಳೆಯಲು ಇಎಸ್‌ಪಿಎನ್ ಇಟ್ಟುಕೊಂಡಿರುವ ಗೆರೆ 2.5 ಸೆಕೆಂಡ್. ಅಷ್ಟರೊಳಗೆ ಸೋತರೆ ತಪ್ಪು ಲೈನ್‌ಮನ್‌ನದು, ಸಂಶಯ ಬೇಡ. 3 ಸೆಕೆಂಡ್ ದಾಟಿದ ಮೇಲೂ ಚೆಂಡು ಕ್ವಾರ್ಟರ್‌ಬ್ಯಾಕ್ ಕೈಯಲ್ಲೇ ಇದ್ದರೆ ವಿಚಾರಣೆ ಅವನ ಕಡೆ ತಿರುಗಬೇಕು. ಪಾಸ್ ಹಿಡಿಯಬೇಕಾದ ರಿಸೀವರ್‌ಗಳು ಯಾರೂ ಬಿಡುವಾಗಲಿಲ್ಲವೇ? ಅಥವಾ ಬಿಡುವಾಗಿದ್ದವನನ್ನು ಇವನು ನೋಡಲಿಲ್ಲವೇ? ಮೊದಲನೆಯದಾದರೆ ದೋಷ ರಿಸೀವರ್‌ಗಳಲ್ಲೋ ಆಟ ಹೆಣೆದ ಕೋಚ್‌ನಲ್ಲೋ ಇದೆ. ಎರಡನೆಯದಾದರೆ ಕ್ವಾರ್ಟರ್‌ಬ್ಯಾಕ್‌ನಲ್ಲಿದೆ. ಸ್ಕ್ರೀನ್ ಪಾಸ್‌ಗಳನ್ನೂ ಓಟದ ನಾಟಕವಾಡಿ ಎಸೆಯುವ ಪ್ಲೇ-ಆ್ಯಕ್ಷನ್‌ಗಳನ್ನೂ ಲೆಕ್ಕದಿಂದ ತೆಗೆದುಬಿಡಿ. ಸ್ಕ್ರೀನ್‌ನಲ್ಲಿ ಲೈನ್‌ನವರು ಬೇಕೆಂದೇ ಎದುರಾಳಿಯನ್ನು ಒಳಗೆ ಬಿಡುತ್ತಾರೆ. ಪ್ಲೇ-ಆ್ಯಕ್ಷನ್‌ಗೆ ಸಮಯ ಹೆಚ್ಚು ಹಿಡಿಯುವುದು ಸಹಜ.

ಲೀಗಿನಲ್ಲಿ ಸಾಮಾನ್ಯವಾಗಿ ಐದು ಸಲ ಒತ್ತಡ ಬಿದ್ದರೆ ಒಂದು ಸಲ ಸ್ಯಾಕ್ ಆಗುತ್ತದೆ. ಈ ಪ್ರಮಾಣ ಲೈನಿಗಿಂತ ಕ್ವಾರ್ಟರ್‌ಬ್ಯಾಕ್‌ನ ಸ್ವಭಾವಕ್ಕೆ ಹೆಚ್ಚು ಅಂಟಿಕೊಂಡಿರುತ್ತದೆ. ಅವನು ತಂಡ ಬದಲಿಸಿದರೂ ಈ ಗುಣ ಅವನ ಜೊತೆಗೇ ಹೋಗುತ್ತದೆ. ವಿಲಿಯಮ್ಸ್ ಕಾಲೇಜಿನಲ್ಲೂ ಚೆಂಡು ಹಿಡಿದು ಓಡಾಡಿ ಏನಾದರೂ ಪವಾಡ ಮಾಡುವವನು. ಆ ಚಟ ಚಿಕಾಗೊಗೂ ಬಂತು. ಹಾಗಾಗಿ 68ರಲ್ಲಿ ಒಂದಷ್ಟು ಪಾಲು ಅವನ ಖಾತೆಗೇ ಸೇರಬೇಕು ಎಂಬುದು ನನ್ನ ಅಭಿಪ್ರಾಯ. ಇದನ್ನು ಹೇಳಿದರೆ ಅವನ ಅಭಿಮಾನಿಗಳಿಗೆ ಸಿಟ್ಟು ಬರುತ್ತದೆ, ಬರಲಿ.

ಪರೀಕ್ಷೆ 2: ಬಂದವರೆಷ್ಟು, ತಡೆದವರೆಷ್ಟು

ಗಡಿಯಾರದಲ್ಲಿ ಲೈನ್ ಸಿಕ್ಕಿಬಿದ್ದರೆ ಮುಂದೆ ತಲೆ ಎಣಿಸಿ. ಎದುರಾಳಿಗಳು ನಾಲ್ಕೇ ಜನ ನುಗ್ಗಿಯೂ ಒಳಗೆ ಬಂದರೆ ಐದು ಜನ ನಾಲ್ಕು ಜನರಿಗೆ ಸೋತರು ಎಂದರ್ಥ. ಅದು ಅಪ್ಪಟ ಲೈನ್ ದೋಷ. ಇದರ ಅತಿ ಕೆಟ್ಟ ಉದಾಹರಣೆ 2025ರ ಫೆಬ್ರವರಿಯಲ್ಲಿ ನಡೆದ 59ನೇ ಸೂಪರ್ ಬೌಲ್, ಅಂದರೆ ಲೀಗಿನ ಫೈನಲ್. ಭಾರತದಲ್ಲಿ ಸೋಮವಾರ ಬೆಳಗಿನ ಜಾವ ಐದಕ್ಕೆ ಎದ್ದು ನೋಡಿದವರಿಗೆ ನೆನಪಿರುತ್ತದೆ. ಫಿಲಡೆಲ್ಫಿಯಾ ಈಗಲ್ಸ್ ಇಡೀ ಪಂದ್ಯದಲ್ಲಿ ಒಂದು ಸಲವೂ ಹೆಚ್ಚುವರಿ ಆಳನ್ನು ಕಳಿಸಲಿಲ್ಲ, ಅಂದರೆ ಒಂದೂ ಬ್ಲಿಟ್ಸ್ ಇಲ್ಲ. ಆದರೂ ಕಾನ್ಸಸ್ ಸಿಟಿ ಚೀಫ್ಸ್‌ನ ಪ್ಯಾಟ್ರಿಕ್ ಮಹೋಮ್ಸ್ 6 ಸಲ ಸ್ಯಾಕ್ ಆದ. ಫಲಿತಾಂಶ 40-22. ಉಳಿದ ಏಳು ಜನ ಹಿಂದೆ ರಿಸೀವರ್‌ಗಳನ್ನು ಕಾಯುತ್ತಿದ್ದರಿಂದ ಬೇಗ ಎಸೆದು ತಪ್ಪಿಸಿಕೊಳ್ಳೋಣ ಎಂದರೂ ಜಾಗ ಇರಲಿಲ್ಲ. ನಾಲ್ಕು ಜನರಿಂದಲೇ ಕೆಲಸ ಆಗುವಾಗ ಎದುರಾಳಿ ತಂಡಕ್ಕೆ ಬೇರೆ ಯಾವ ತಂತ್ರವೂ ಬೇಕಾಗುವುದಿಲ್ಲ.

ಆರು ಜನ ನುಗ್ಗಿ, ತಡೆಯಲು ಐದೇ ಜನ ಇದ್ದರೆ ಒಬ್ಬ ಬಿಡುವಾಗಿ ಬರುವುದು ಖಂಡಿತ. ಆಗ ಅವನು ಎಲ್ಲಿಂದ ಬಂದ ಎಂದು ನೋಡಿ. ಲೈನಿನ ಮೂಲ ನಿಯಮ ಒಳಗಿನಿಂದ ಹೊರಕ್ಕೆ: ಮೊದಲು ಹತ್ತಿರದವನನ್ನು ತಡೆ, ಬಿಡಲೇಬೇಕಾದರೆ ದೂರದವನನ್ನು ಬಿಡು. ಹೊರತುದಿಯಿಂದ ಬಂದವನು ಬಿಡುವಾಗಿದ್ದರೆ ಅದು ಬಹುಶಃ ಲೆಕ್ಕ ಹಾಕಿಯೇ ಬಿಟ್ಟದ್ದು. ಅವನು ತಲುಪುವ ಮೊದಲು ಚೆಂಡು ಎಸೆಯುವ ಜವಾಬ್ದಾರಿ ಕ್ವಾರ್ಟರ್‌ಬ್ಯಾಕ್‌ನದು. ಸೆಂಟರ್ ಮತ್ತು ಗಾರ್ಡ್ ನಡುವಿನಿಂದ ಒಬ್ಬ ಯಾರೂ ಮುಟ್ಟದೆ ಒಳಗೆ ಬಂದನೋ, ಆ ಆಟದಲ್ಲಿ ಯಾರೋ ಯಾರ ಮಾತನ್ನೋ ಕೇಳಿಸಿಕೊಂಡಿಲ್ಲ. ಮೂರನೇ ಪರೀಕ್ಷೆಗೆ ಹೋಗಿ.

ಪರೀಕ್ಷೆ 3: ಮಾತುಕತೆ

ದೋಷಗಳಲ್ಲಿ ಅತ್ಯಂತ ಹೆಚ್ಚು ಸಿಗುವುದೂ, ಅಭಿಮಾನಿಗಳಿಗೆ ಅತ್ಯಂತ ಕಡಿಮೆ ಕಾಣುವುದೂ ಇಲ್ಲೇ.

ಸ್ನ್ಯಾಪ್‌ಗೆ, ಅಂದರೆ ಚೆಂಡು ಹಿಂದಕ್ಕೆ ಕೊಡುವುದಕ್ಕೆ ಮೊದಲು ಸೆಂಟರ್ ಅಥವಾ ಕ್ವಾರ್ಟರ್‌ಬ್ಯಾಕ್ ಎದುರಿನ ಒಬ್ಬ ಲೈನ್‌ಬ್ಯಾಕರ್‌ನತ್ತ (ಡಿಫೆನ್ಸ್ ಲೈನಿನ ಹಿಂದೆ ನಿಲ್ಲುವವನು) ಬೆರಳು ತೋರಿಸಿ “ಮೈಕ್ 54” ಎಂದೋ ಮತ್ತೊಂದು ನಂಬರ್ ಹೇಳಿಯೋ ಕೂಗುವುದನ್ನು ಟಿವಿಯಲ್ಲೂ ಕೇಳಬಹುದು. ಇವನಿಂದ ಎಣಿಕೆ ಶುರು ಎಂದು ಉಳಿದ ನಾಲ್ವರಿಗೂ ಚೆಂಡು ಹಿಡಿದು ಓಡುವ ರನ್ನಿಂಗ್ ಬ್ಯಾಕ್‌ಗೂ ತಿಳಿಸುವ ಕೂಗು ಅದು. ಲೈನ್ ಯಾವ ಕಡೆಗೆ ಜಾರಬೇಕು, ರನ್ನಿಂಗ್ ಬ್ಯಾಕ್ ಯಾರನ್ನು ನೋಡಿಕೊಳ್ಳಬೇಕು ಎಲ್ಲ ಅಲ್ಲಿಂದ ನಿರ್ಧಾರವಾಗುತ್ತದೆ. ಈಗಿನ ಡಿಫೆನ್ಸ್ ಕೋಚ್‌ಗಳು ಹೊಡೆಯುವುದು ಇದೇ ಎಣಿಕೆಯ ಮೇಲೆ. ಆರು ಜನರನ್ನು ಲೈನಿನ ಮುಂದೆ ನಿಲ್ಲಿಸಿ ಹೆದರಿಸುತ್ತಾರೆ. ಚೆಂಡು ಅಲುಗಿದ ಕೂಡಲೇ ಎಡಗಡೆಯ ಇಬ್ಬರು ಹಿಂದೆ ಸರಿಯುತ್ತಾರೆ, ಬಲಗಡೆ ನಿಂತವರಲ್ಲೇ ನಿರೀಕ್ಷಿಸದ ಒಬ್ಬ ನುಗ್ಗುತ್ತಾನೆ. ನುಗ್ಗಿದವರು ಒಟ್ಟು ನಾಲ್ಕೇ ಜನ. ಆದರೆ ಎಡಕ್ಕೆ ಜಾರಿದ ಮೂವರು ಖಾಲಿ ಜಾಗ ಕಾಯುತ್ತಾ ನಿಂತಿರುತ್ತಾರೆ, ಬಲಗಡೆ ಇಬ್ಬರ ಮೇಲೆ ಮೂವರು ಬಿದ್ದಿರುತ್ತಾರೆ. ವಿಡಿಯೊ ನಿಲ್ಲಿಸಿ ನೋಡಿ: ಲೈನ್‌ಮನ್ ಒಬ್ಬ ಯಾರನ್ನೂ ಮುಟ್ಟದೆ ಕೈ ಚಾಚಿ ನಿಂತಿದ್ದರೆ, ಅದೇ ಹೊತ್ತಿಗೆ ಎದುರಾಳಿ ಒಬ್ಬ ಯಾರೂ ಮುಟ್ಟದೆ ಓಡುತ್ತಿದ್ದರೆ, ದೋಷ ಇದೇ. ಇಂಥದ್ದು ಒಂದು ಭಾನುವಾರ ಕಂಡರೆ ಮುಂದಿನ ಭಾನುವಾರವೂ ಕಾಣುತ್ತದೆ. ವಿಡಿಯೊ ಎಲ್ಲ ತಂಡಗಳ ಬಳಿಯೂ ಇರುತ್ತದೆ, ಒಬ್ಬರು ಕಂಡುಕೊಂಡ ತೂತನ್ನು ಸರಿಯಾಗುವವರೆಗೂ ಯಾರೂ ಬಿಡುವುದಿಲ್ಲ.

ಇದರ ಅಣ್ಣತಮ್ಮ ಸ್ಟಂಟ್. ಎದುರಾಳಿಗಳಲ್ಲಿ ಒಳಗಿನವನು ಹೊರಕ್ಕೆ ನುಗ್ಗಿ ನಮ್ಮ ಟ್ಯಾಕಲ್‌ನನ್ನು ಗುದ್ದುತ್ತಾನೆ, ಹೊರಗಿನವನು ಅವನ ಬೆನ್ನ ಹಿಂದೆ ಸುತ್ತಿ ಒಳಕ್ಕೆ ಬರುತ್ತಾನೆ. ಗಾರ್ಡ್ ಮತ್ತು ಟ್ಯಾಕಲ್ ಆ ಕ್ಷಣದಲ್ಲಿ ಆಳುಗಳನ್ನು ಅದಲುಬದಲು ಮಾಡಿಕೊಳ್ಳಬೇಕು. ಹಾಗೆ ಮಾಡಲು ಇಬ್ಬರೂ ಒಂದೇ ಮಟ್ಟದಲ್ಲಿ ನಿಂತಿರಬೇಕು. ಟ್ಯಾಕಲ್ ಒಂದು ಗಜ ಹಿಂದಿದ್ದು ಗಾರ್ಡ್ ಒಂದು ಗಜ ಮುಂದಿದ್ದರೆ ನಡುವೆ ಬಾಗಿಲು ತೆರೆಯುತ್ತದೆ. ಕಬಡ್ಡಿಯಲ್ಲಿ ಚೈನ್ ಹಿಡಿದ ಇಬ್ಬರಲ್ಲಿ ಒಬ್ಬ ಮೊದಲೇ ನುಗ್ಗಿದರೆ ರೈಡರ್ ಎಲ್ಲಿಂದ ಜಾರುತ್ತಾನೋ ಇಲ್ಲೂ ಅಲ್ಲಿಂದಲೇ. ಸ್ಟಂಟ್‌ಗೆ ಸೋಲುವ ಲೈನ್‌ನಲ್ಲಿ ಒಬ್ಬೊಬ್ಬನೂ ಬಲಶಾಲಿಯೇ ಆಗಿರಬಹುದು. ಕೊರತೆ ಇರುವುದು ಜೊತೆಯಲ್ಲಿ ಆಡಿದ ದಿನಗಳದ್ದು.

ಸಿನ್ಸಿನಾಟಿ ಬೆಂಗಾಲ್ಸ್ ಇದಕ್ಕೆ ಪಾಠ. 2021ರಲ್ಲಿ ಜೋ ಬರೋ ಲೀಗ್ ಪಂದ್ಯಗಳಲ್ಲಿ 51 ಸಲ, ನಾಕೌಟ್ ಹಂತದ ಪ್ಲೇಆಫ್‌ನಲ್ಲಿ ಇನ್ನೂ 19 ಸಲ ಸ್ಯಾಕ್ ಆದ. ಟೆನೆಸೀ ಟೈಟನ್ಸ್ ಎದುರು 9 ಸಲ ಬಿದ್ದೂ ತಂಡ ಗೆದ್ದಿತು, ಅದೊಂದು ವಿಚಿತ್ರ. ಸೂಪರ್ ಬೌಲ್‌ನಲ್ಲಿ 7 ಸಲ ಬಿದ್ದು ಸೋತಿತು. ಮರುವರ್ಷ ದುಡ್ಡು ಸುರಿದು ಸೆಂಟರ್ ಟೆಡ್ ಕರಾಸ್, ಗಾರ್ಡ್ ಅಲೆಕ್ಸ್ ಕಾಪ್ಪಾ, ಟ್ಯಾಕಲ್ ಲಾಯೆಲ್ ಕಾಲಿನ್ಸ್ ಮೂವರನ್ನೂ ತಂದರು. ಮೊದಲ ಎರಡು ಪಂದ್ಯಗಳಲ್ಲಿ ಬರೋ 13 ಸಲ ಬಿದ್ದ. ಆಳುಗಳು ಹಿಂದಿನವರಿಗಿಂತ ಒಳ್ಳೆಯವರೇ. ಒಬ್ಬರ ಪಕ್ಕ ಒಬ್ಬರು ನಿಂತು ಅಭ್ಯಾಸವಿರಲಿಲ್ಲ. ಋತು ಸಾಗಿದಂತೆ ಹದಕ್ಕೆ ಬಂತು, ವರ್ಷದ ಲೆಕ್ಕ 41ಕ್ಕೆ ಇಳಿಯಿತು. ಪ್ಲೇಆಫ್ ಹೊತ್ತಿಗೆ ಲೈನಿನ ಮೂವರಿಗೆ ಗಾಯವಾಗಿ ಮತ್ತೆ ಕೆಟ್ಟಿತು.

ಪರೀಕ್ಷೆ 4: ಗದ್ದಲ

ಇದು ಚಿಕ್ಕ ಪರೀಕ್ಷೆ. ತವರಿನ ಪಂದ್ಯಗಳನ್ನೂ ಹೊರಗಿನ ಪಂದ್ಯಗಳನ್ನೂ ಬೇರೆ ಮಾಡಿ ನೋಡಿ. ಕಾನ್ಸಸ್ ಸಿಟಿಯ ಆ್ಯರೋಹೆಡ್ ಕ್ರೀಡಾಂಗಣದಲ್ಲಿ 2014ರಲ್ಲಿ 142.2 ಡೆಸಿಬಲ್ ಗದ್ದಲ ದಾಖಲಾಗಿ ಗಿನ್ನೆಸ್ ಪುಸ್ತಕ ಸೇರಿತು. ಅಂಥಲ್ಲಿ ಕೂಗಿದ್ದು ಪಕ್ಕದವನಿಗೂ ಕೇಳಿಸುವುದಿಲ್ಲ. ಆಗ ಸೈಲೆಂಟ್ ಕೌಂಟ್ ಮೇಲೆ ಆಡುತ್ತಾರೆ: ಗಾರ್ಡ್ ಹಿಂದೆ ತಿರುಗಿ ಕ್ವಾರ್ಟರ್‌ಬ್ಯಾಕ್‌ನ ಸನ್ನೆ ನೋಡಿ ಸೆಂಟರ್‌ಗೆ ಕೈ ತಟ್ಟುತ್ತಾನೆ, ಸೆಂಟರ್ ತಲೆ ಎತ್ತುತ್ತಾನೆ ಅಥವಾ ಅಲ್ಲಾಡಿಸುತ್ತಾನೆ, ಆಮೇಲೆ ಚೆಂಡು. ಪ್ರತಿ ಸಲವೂ ತಲೆ ಎತ್ತಿದ ಮೇಲೆ ಒಂದೇ ಅಂತರದಲ್ಲಿ ಚೆಂಡು ಕೊಟ್ಟರೆ ಎದುರಾಳಿಯೂ ಆ ತಲೆಯನ್ನೇ ನೋಡಿ ಓಟ ಶುರು ಮಾಡುತ್ತಾನೆ. ಹೊರಗಡೆ ಮಾತ್ರ ಸ್ಯಾಕ್‌ಗಳು ಹೆಚ್ಚಿ, ಜೊತೆಗೆ ಚೆಂಡಿಗಿಂತ ಮೊದಲೇ ಅಲುಗಿದ್ದಕ್ಕೆ ಬೀಳುವ 5 ಗಜದ ಫಾಲ್ಸ್ ಸ್ಟಾರ್ಟ್ ದಂಡಗಳೂ ಹೆಚ್ಚಿದ್ದರೆ ಮೊದಲು ಈ ತಾಳ ಬದಲಿಸಿ ನೋಡಬೇಕು. ಆಳು ಬದಲಿಸುವ ಮಾತು ಆಮೇಲೆ.

ಪರೀಕ್ಷೆ 5: ಕಾಲು, ಕೈ, ಮತ್ತು ಹಿಂದೆ ನಿಂತವನ ಜಾಗ

ಈಗ ಒಬ್ಬೊಬ್ಬನನ್ನೇ ಹಿಡಿಯಬಹುದು. ಟ್ಯಾಕಲ್‌ನಿಂದ ಶುರು ಮಾಡಿ. ಅವನು ಹೊರಗಿನ ಕಾಲನ್ನು ಹಿಂದಕ್ಕೆ ಒದೆಯುತ್ತಾ ಓರೆಯಾಗಿ ಸರಿಯುತ್ತಾನೆ. ಎದುರಾಳಿಯ ಓಟ ಜೋರಾಗಿದೆ ಎಂದು ಹೆದರಿ ಅತಿಯಾಗಿ ಹೊರಕ್ಕೆ ಸರಿದರೆ ಒಳಗಡೆ ಖಾಲಿ, ಒಂದೇ ಹೆಜ್ಜೆಯಲ್ಲಿ ಎದುರಾಳಿ ಒಳಕ್ಕೆ ತಿರುಗುತ್ತಾನೆ. ಟ್ಯಾಕಲ್ ಮೊದಲ ಕಾಲುಭಾಗದಲ್ಲಿ ಹೊರಗಡೆ ಸೋತು, ಎರಡನೇ ಕಾಲುಭಾಗದಿಂದ ಒಳಗಡೆ ಸೋಲುತ್ತಿದ್ದರೆ ನಡೆದಿರುವುದು ಇದೇ. ಹೊರಗಿನ ಭಯವೇ ಒಳಗಿನ ಸೋಲಾಗಿದೆ.

ಗಾರ್ಡ್ ಮತ್ತು ಸೆಂಟರ್ ವಿಷಯದಲ್ಲಿ ನೋಡಬೇಕಾದದ್ದು ಸೊಂಟ ಮತ್ತು ತಲೆ. ಎದುರಾಳಿ ನೇರವಾಗಿ ಎದೆಗೆ ಗುದ್ದಿದಾಗ ಮಂಡಿ ಬಾಗಿ ಸೊಂಟ ಕೆಳಗಿದ್ದರೆ ಒಂದೆರಡು ಗಜದಲ್ಲಿ ತಡೆದು ನಿಲ್ಲುತ್ತಾನೆ. ಸೊಂಟ ಮೇಲಿದ್ದರೆ ಕ್ವಾರ್ಟರ್‌ಬ್ಯಾಕ್‌ನ ಮಡಿಲಿಗೇ ಹೋಗಿ ಬೀಳುತ್ತಾನೆ. ತಲೆ ತಗ್ಗಿಸಿ ಮುನ್ನುಗ್ಗುವ ಚಾಳಿ ಇದ್ದರೆ ಎದುರಾಳಿ ಅವನ ಕೈ ತಟ್ಟಿ ಪಕ್ಕಕ್ಕೆ ಸರಿದುಬಿಡುತ್ತಾನೆ. ಕೈಗಳು ಎದುರಾಳಿಯ ಎದೆಯ ಒಳಗೆ ಬೀಳಬೇಕು. ಭುಜದ ಹೊರಗೆ ಬಿದ್ದರೆ ಅಂಪೈರ್‌ಗೆ ಕಾಣುತ್ತದೆ, ಎದುರಾಳಿಯನ್ನು ಹಿಡಿದೆಳೆದದ್ದಕ್ಕೆ 10 ಗಜದ ಹೋಲ್ಡಿಂಗ್ ದಂಡ ಬರುತ್ತದೆ. ಸ್ಯಾಕ್‌ಗಳು ಕಡಿಮೆ ಇದ್ದರೂ ಒಬ್ಬನೇ ಆಟಗಾರನ ಮೇಲೆ ಹೋಲ್ಡಿಂಗ್ ಪದೇ ಪದೇ ಬಂದರೆ ಅವನ ಕಾಲು ತಡವಾಗುತ್ತಿದೆ, ಆ ಕೊರತೆಯನ್ನು ಕೈ ತುಂಬುತ್ತಿದೆ ಎಂದು ತಿಳಿಯಿರಿ.

ಟ್ಯಾಕಲ್ ಸೋತ ಹಾಗೆ ಕಂಡ ಪ್ರತಿ ಆಟದಲ್ಲೂ ವಿಡಿಯೊ ನಿಲ್ಲಿಸಿ ಕ್ವಾರ್ಟರ್‌ಬ್ಯಾಕ್ ಎಷ್ಟು ಹಿಂದೆ ನಿಂತಿದ್ದಾನೆ ಎಂದು ಗಜದ ಗೆರೆಗಳಲ್ಲಿ ಎಣಿಸಿ. ಶಾಟ್‌ಗನ್ ಎಂಬ ವ್ಯೂಹದಲ್ಲಿ ಅವನು ಶುರುವಿಗೇ ಸುಮಾರು 5 ಗಜ ಹಿಂದಿರುತ್ತಾನೆ. ಎರಡು ಮೂರು ಹೆಜ್ಜೆ ಹಿಂದೆ ಹೋಗಿ ಮತ್ತೆ ಪಾಕೆಟ್‌ನೊಳಗೆ, ಅಂದರೆ ಲೈನ್ ಕಾಯುವ ಜಾಗದೊಳಗೆ ಮುಂದಕ್ಕೆ ಬಂದರೆ, ಹೊರಗಿನಿಂದ ಸುತ್ತಿ ಬರುವ ಎದುರಾಳಿಯನ್ನು ಟ್ಯಾಕಲ್ ಅವನ ಬೆನ್ನ ಹಿಂದಕ್ಕೆ ತಳ್ಳಿಬಿಡುತ್ತಾನೆ. ಯೋಜನೆಯೇ ಅದು. ಅದೇ ಕ್ವಾರ್ಟರ್‌ಬ್ಯಾಕ್ 10-11 ಗಜ ಹಿಂದೆ ಜಾರಿದರೆ ಎದುರಾಳಿ ಸುತ್ತಬೇಕಾಗಿಯೇ ಇಲ್ಲ, ನೇರ ದಾರಿ. ಟ್ಯಾಕಲ್ ಪುಸ್ತಕದಲ್ಲಿ ಬರೆದ ಹಾಗೆಯೇ ಮಾಡಿದ್ದರೂ ಸೋತವನ ಹಾಗೆ ಕಾಣುತ್ತಾನೆ. ಟಿವಿಯಲ್ಲಿ ನಿಧಾನಗತಿಯಲ್ಲಿ ಮೂರು ಸಲ ತೋರಿಸಿ ಬೈಯುವುದೂ ಅವನನ್ನೇ.

ಪರೀಕ್ಷೆ 6: ಓಟದ ಆಟ

ಎಸೆತದಲ್ಲಿ ಕೆಟ್ಟು ಓಟದಲ್ಲಿ ಚೆನ್ನಾಗಿರುವ ಲೈನ್‌ಗೆ ಬಲ ಇದೆ, ಕಾಲು ಇಲ್ಲ ಅಥವಾ ಮಾತು ಇಲ್ಲ. ಎರಡರಲ್ಲೂ ಕೆಟ್ಟಿದ್ದರೆ ಆಳುಗಳಲ್ಲೇ ದಮ್ಮಿಲ್ಲ. ಓಟದಲ್ಲಿ ಮಾತ್ರ ಕೆಟ್ಟಿದ್ದರೆ ಎದುರು ಎಷ್ಟು ಜನ ಗುಂಪುಗೂಡಿದ್ದಾರೆ ನೋಡಿ: ಎಂಟು ಜನರ ಎದುರು ಓಡಿಸಲು ಹೇಳಿದ್ದು ಕೋಚ್, ಲೈನ್ ಅಲ್ಲ.

ಪರೀಕ್ಷೆ 7: ಆಡುತ್ತಿರುವವರು ಯಾರು

ಗಾಯದ ಪಟ್ಟಿಯನ್ನು ಇಷ್ಟು ಕೆಳಗೆ ಇಟ್ಟಿದ್ದಕ್ಕೆ ಕಾರಣ ಇದೆ. ಅದು ಸುಲಭದ ನೆಪ. ಮೇಲಿನ ಪರೀಕ್ಷೆಗಳನ್ನು ಮುಗಿಸದೆ ಇಲ್ಲಿಗೆ ಬಂದವರು ಇಲ್ಲೇ ನಿಂತುಬಿಡುತ್ತಾರೆ. ಹಾಗೆಂದು ಇದು ನಿಜವಾದ ಕಾರಣ ಆಗುವುದೇ ಇಲ್ಲ ಎಂದಲ್ಲ.

2021ರ ಫೆಬ್ರವರಿ 7ರ 55ನೇ ಸೂಪರ್ ಬೌಲ್‌ನಲ್ಲಿ ಟ್ಯಾಂಪಾ ಬೇ ಎದುರು ಕಾನ್ಸಸ್ ಸಿಟಿ 31-9ರಿಂದ ಸೋತಿತು. ಎಡ ಟ್ಯಾಕಲ್ ಎರಿಕ್ ಫಿಶರ್ ಹಿಂದಿನ ಪಂದ್ಯದಲ್ಲಿ ಹಿಮ್ಮಡಿಯ ಅಕಿಲೀಸ್ ಸ್ನಾಯುರಜ್ಜು ಹರಿದುಕೊಂಡಿದ್ದ. ಬಲ ಟ್ಯಾಕಲ್ ಮಿಚೆಲ್ ಶ್ವಾರ್ಟ್ಸ್ ಬೆನ್ನು ನೋವಿನಿಂದ ಹೊರಗಿದ್ದ. ಗಾರ್ಡ್ ಲೊರಾಂ ಡುವರ್ನೇ-ಟಾರ್ಡಿಫ್ ವೈದ್ಯ ಪದವೀಧರ, ಕೋವಿಡ್ ರೋಗಿಗಳ ಸೇವೆಗೆಂದು ಆ ಇಡೀ ಋತು ಬಿಟ್ಟಿದ್ದ. ಮಹೋಮ್ಸ್ ಪಂದ್ಯವಿಡೀ ಬೆನ್ನು ತೋರಿಸಿ ಓಡಿದ. ಆ ಬೇಸಿಗೆಯಲ್ಲಿ ತಂಡ ಲೈನ್ ಪೂರ್ತಿ ಕಿತ್ತು ಹೊಸದು ಕಟ್ಟಿತು: ಗಾರ್ಡ್ ಜೋ ಥುನಿಗೆ ದೊಡ್ಡ ಮೊತ್ತ, ಬಾಲ್ಟಿಮೋರ್‌ನಿಂದ ಟ್ಯಾಕಲ್ ಒರ್ಲ್ಯಾಂಡೊ ಬ್ರೌನ್, ಹೊಸ ಆಟಗಾರರನ್ನು ಆರಿಸುವ ಡ್ರಾಫ್ಟ್‌ನ ಎರಡನೇ ಸುತ್ತಿನಲ್ಲಿ ಸೆಂಟರ್ ಕ್ರೀಡ್ ಹಂಫ್ರಿ, ಆರನೇ ಸುತ್ತಿನಲ್ಲಿ ಗಾರ್ಡ್ ಟ್ರೇ ಸ್ಮಿತ್. ಎರಡು ವರ್ಷದ ನಂತರ 57ನೇ ಸೂಪರ್ ಬೌಲ್‌ನಲ್ಲಿ ಎದುರಿದ್ದ ಈಗಲ್ಸ್ ಆ ಋತುವಿನಲ್ಲಿ 70 ಸ್ಯಾಕ್ ಮಾಡಿದ್ದ ತಂಡ. ಮಹೋಮ್ಸ್ ಮೇಲೆ ಒಂದೂ ಆಗಲಿಲ್ಲ.

ಇಂಥ ತಂಡವೇ 59ನೇ ಸೂಪರ್ ಬೌಲ್‌ನಲ್ಲಿ ಕುಸಿದದ್ದು ಹೇಗೆ? 2024ರಲ್ಲಿ ಎಡ ಟ್ಯಾಕಲ್ ಜಾಗಕ್ಕೆ ಇಟ್ಟವರು ಯಾರೂ ನಿಲ್ಲಲಿಲ್ಲ. ಡಿಸೆಂಬರ್‌ನಲ್ಲಿ ಥುನಿಯನ್ನೇ ಗಾರ್ಡ್ ಜಾಗದಿಂದ ಎತ್ತಿ ಅಲ್ಲಿಗೆ ಹಾಕಿದರು. ಅವನು ಕೆಲವು ವಾರ ಮಾನ ಉಳಿಸಿದ. ಆದರೆ ಗಾರ್ಡ್ ಜಾಗದಲ್ಲಿ ಲೀಗಿನ ಅತ್ಯುತ್ತಮರಲ್ಲಿ ಒಬ್ಬನನ್ನು ತೆಗೆದು ಬದಲಿ ಆಟಗಾರನನ್ನು ನಿಲ್ಲಿಸಿದ ಹಾಗಾಯಿತು, ಟ್ಯಾಕಲ್ ಜಾಗದಲ್ಲೂ ಸಹಜ ಟ್ಯಾಕಲ್ ಇಲ್ಲ. ಒಂದು ತೂತು ಮುಚ್ಚಲು ಹೋಗಿ ಎರಡಾಯಿತು. ಲೈನ್‌ನಲ್ಲಿ ಯಾರನ್ನಾದರೂ ಪಕ್ಕದ ಜಾಗಕ್ಕೆ ಸರಿಸಿದ್ದಾರೆ ಎಂದು ಕಂಡರೆ ಎರಡೂ ಜಾಗಗಳನ್ನು ಬೇರೆ ಬೇರೆ ಪರೀಕ್ಷೆ ಮಾಡಿ.

ಇದು ತಿರುವುಮುರುವಾಗಿಯೂ ನಡೆಯುತ್ತದೆ. ಮಕೈ ಬೆಕ್ಟನ್‌ನನ್ನು ನ್ಯೂಯಾರ್ಕ್ ಜೆಟ್ಸ್ 2020ರಲ್ಲಿ 11ನೇ ಆಯ್ಕೆಯಾಗಿ ಟ್ಯಾಕಲ್ ಎಂದು ತಂದಿತು, ಗಾಯಗಳ ನಡುವೆ ಅವನು ನೆಲೆಯೂರಲಿಲ್ಲ. 2024ರಲ್ಲಿ ಈಗಲ್ಸ್ ಅವನನ್ನು ಬಲ ಗಾರ್ಡ್ ಮಾಡಿತು, ಅದೇ ಋತುವಿನಲ್ಲಿ ಚಾಂಪಿಯನ್ ಆದ. ಅದೇ ಲೈನಿನ ಎಡ ಟ್ಯಾಕಲ್ ಜೋರ್ಡನ್ ಮೈಲಾಟಾ ಆಸ್ಟ್ರೇಲಿಯಾದ ರಗ್ಬಿ ಆಟಗಾರ, 2018ರಲ್ಲಿ ಡ್ರಾಫ್ಟ್ ಆಗುವವರೆಗೆ ಈ ಆಟ ಆಡಿಯೇ ಇರಲಿಲ್ಲ. ಅವನನ್ನು ತಿದ್ದಿದವರು ಲೈನ್ ಕೋಚ್ ಜೆಫ್ ಸ್ಟೌಟ್‌ಲ್ಯಾಂಡ್. ಆಳು ಒಂದು ತಂಡದಲ್ಲಿ ಕೆಟ್ಟು ಇನ್ನೊಂದರಲ್ಲಿ ಸರಿಹೋದರೆ ದೋಷ ಬಿಟ್ಟುಕೊಟ್ಟ ತಂಡದ ಕೋಚಿಂಗ್ ಕೋಣೆಯಲ್ಲಿತ್ತು.

ರಿಪೇರಿ ಎಷ್ಟು ಬೇಗ

ಸೆಪ್ಟೆಂಬರ್‌ನಲ್ಲಿ ಕಂಡ ದೋಷಕ್ಕೆ ಅವಸರ ಬೇಡ. 2011ರ ಆಟಗಾರರ ಒಪ್ಪಂದದ ನಂತರ ಇಡೀ ಋತುವಿನಲ್ಲಿ ಪ್ಯಾಡ್ ಹಾಕಿ ಅಭ್ಯಾಸ ಮಾಡಲು 14 ದಿನ ಮಾತ್ರ ಅವಕಾಶ, ಬೇಸಿಗೆಯಲ್ಲಿ ದಿನಕ್ಕೆರಡು ಸಲದ ಗುದ್ದಾಟವೂ ನಿಂತಿದೆ. ಆಟಗಾರರ ಮೈಗೆ ಇದರಿಂದ ಒಳ್ಳೆಯದಾಗಿದೆ. ಆದರೆ ರಿಸೀವರ್ ಪ್ಯಾಡ್ ಇಲ್ಲದೆ ಅಭ್ಯಾಸ ಮಾಡಬಹುದು, ಲೈನ್‌ಮನ್ ಮಾಡಲಾರ. ಹಾಗಾಗಿ ಲೈನ್‌ಗಳು ತಡವಾಗಿಯೇ ಹದಕ್ಕೆ ಬರುತ್ತವೆ. ಅಕ್ಟೋಬರ್ ನಡುವಿನವರೆಗೂ ಅದೇ ದೋಷ ಅದೇ ಜಾಗದಲ್ಲಿ ಉಳಿದರೆ ಆಗ ಬಿಚ್ಚಿ ನೋಡಬಹುದು.

ಆಳು ಬದಲಿಸುವ ದೊಡ್ಡ ರಿಪೇರಿಗೆ ತಂಡಗಳು ಹೊಸ ಆಟಗಾರರನ್ನು ತರುವ ಮಾರ್ಚ್ ಬರಬೇಕು. 2025ರಲ್ಲಿ ಚಿಕಾಗೊ ಮಾಡಿದ್ದು ಅದನ್ನೇ: ಕಾನ್ಸಸ್ ಸಿಟಿಯಿಂದ ಅದೇ ಥುನಿ, ರ‍್ಯಾಮ್ಸ್‌ನಿಂದ ಜೋನಾ ಜಾಕ್ಸನ್, ಅಟ್ಲಾಂಟಾದಿಂದ ಸೆಂಟರ್ ಡ್ರೂ ಡಾಲ್‌ಮನ್. ಮೂರೂ ಒಳಗಿನ ಜಾಗಗಳು, ಅಂದರೆ ತೂತು ನಡುವೆ ಇದೆ ಎಂದು ಅವರ ತೀರ್ಮಾನ. ಜೊತೆಗೆ ಬೆನ್ ಜಾನ್ಸನ್ ಮುಖ್ಯ ಕೋಚ್ ಆಗಿ ಬಂದು ಆಟದ ರೀತಿಯನ್ನೇ ಬದಲಿಸಿದರು, ವಿಲಿಯಮ್ಸ್ ಕೂಡ ಒಂದು ವರ್ಷ ಬಲಿತ. ಸ್ಯಾಕ್‌ಗಳು ಅರ್ಧಕ್ಕಿಂತ ಕೆಳಗಿಳಿದವು. ಮೂರು ಭಾಗಗಳನ್ನು ಒಟ್ಟಿಗೆ ಬದಲಿಸಿದ್ದರಿಂದ ಯಾವುದು ಕೆಲಸ ಮಾಡಿತೆಂದು ಬಿಡಿಸಿ ಹೇಳುವುದು ಕಷ್ಟ. ತಂಡಕ್ಕೆ ಅದು ಬೇಕಾಗಿಯೂ ಇಲ್ಲ.

ಋತುವಿನ ನಡುವೆ ಉಳಿಯುವುದು ತಾತ್ಕಾಲಿಕ ಉಪಾಯಗಳು, ಪ್ರತಿಯೊಂದಕ್ಕೂ ಬೆಲೆ ಇದೆ. ಸೋಲುತ್ತಿರುವ ಟ್ಯಾಕಲ್‌ನ ಪಕ್ಕ ಟೈಟ್ ಎಂಡ್ (ತಡೆಯುವುದನ್ನೂ ಪಾಸ್ ಹಿಡಿಯುವುದನ್ನೂ ಮಾಡುವವನು) ಅಥವಾ ರನ್ನಿಂಗ್ ಬ್ಯಾಕ್ ನಿಂತು ಎದುರಾಳಿಗೆ ಒಂದು ಗುದ್ದು ಕೊಟ್ಟು ಮುಂದೆ ಓಡಬಹುದು. ಅವನು ಪಾಸ್‌ಗೆ ತಡವಾಗಿ ಸಿಗುತ್ತಾನೆ. ಚೆಂಡು ಎರಡೇ ಸೆಕೆಂಡಿನಲ್ಲಿ ಕೈಬಿಡುವ ಚಿಕ್ಕ ಪಾಸ್‌ಗಳನ್ನು ಹೆಚ್ಚಿಸಬಹುದು. ಉದ್ದದ ಎಸೆತ ಮರೆತುಬಿಡಬೇಕು. ಪಂದ್ಯದ ದಿನ ಎಂಟು ಮಂದಿ ಲೈನ್‌ಮನ್‌ಗಳನ್ನು ಇಟ್ಟುಕೊಂಡರೆ ತಂಡ 48 ಜನರನ್ನು ಕಣಕ್ಕಿಳಿಸಬಹುದು, ಇಲ್ಲದಿದ್ದರೆ 47. ಆಡದವರ ಪಟ್ಟಿ ಪಂದ್ಯಕ್ಕೆ 90 ನಿಮಿಷ ಮೊದಲು ಬರುತ್ತದೆ. ಅಮೆರಿಕದ ಮಧ್ಯಾಹ್ನದ ಪಂದ್ಯಗಳಿಗೆ ಭಾರತದಲ್ಲಿ ಭಾನುವಾರ ರಾತ್ರಿ ಒಂಬತ್ತರ ಹೊತ್ತಿಗೆ, ನವೆಂಬರ್‌ನಲ್ಲಿ ಅಲ್ಲಿ ಗಡಿಯಾರ ಹಿಂದಿಟ್ಟ ಮೇಲೆ ಹತ್ತಕ್ಕೆ. ಎರಡೂ ಬದಿ ಆಡಬಲ್ಲ ಬದಲಿ ಟ್ಯಾಕಲ್‌ನ ಹೆಸರು ಆ ಪಟ್ಟಿಯಲ್ಲಿ ಕಂಡರೆ, ಅವತ್ತು ಟ್ಯಾಕಲ್ ಒಬ್ಬ ಕುಂಟುತ್ತಾ ಹೊರನಡೆದ ಕೂಡಲೇ ಗಾರ್ಡ್ ಯಾರು ಎಲ್ಲಿಗೆ ಸರಿಯುತ್ತಾನೆ ಎಂಬುದರ ಮೇಲೆ ಕಣ್ಣಿಡಿ.